ಸಣ್ಣ ಪಾನೀಯ ಘಟಕಕ್ಕೆ ಕೆಗ್ ತೊಳೆಯುವ ವ್ಯವಸ್ಥೆ: ಕಡಿಮೆ ಖರ್ಚಿನಲ್ಲಿ ನಾವೇ ಕಟ್ಟಿಕೊಳ್ಳುವ ಬಗೆ

ಪುನರ್ಪುಳಿ, ಶುಂಠಿ, ನನ್ನಾರಿ, ಜೀರಿಗೆ, ಯಾವುದೇ ಇರಲಿ, ಗ್ಯಾಸ್ ಹಿಡಿಸಿದ ಪಾನೀಯವನ್ನು ಮದುವೆ ಮನೆಗೋ ಜಾತ್ರೆಯ ಅಂಗಡಿಗೋ ಒದಗಿಸಬೇಕಾದರೆ ನೂರಾರು ಬಾಟಲಿಗಿಂತ ನಾಲ್ಕು ಸ್ಟೀಲ್ ಕೆಗ್, ಅಂದರೆ ಗ್ಯಾಸಿನ ಒತ್ತಡ ತಡೆಯುವ ಪೀಪಾಯಿ, ಎಷ್ಟೋ ಸುಲಭ. ಬಾಟಲಿ ಒಡೆಯುವ ಭಯವಿಲ್ಲ, ಮುಚ್ಚಳದ ಖರ್ಚಿಲ್ಲ, ಕೊನೆಯ ಲೋಟದ ತನಕ ಗ್ಯಾಸ್ ಇಳಿಯುವುದಿಲ್ಲ. ಕಷ್ಟ ಇರುವುದು ಖಾಲಿ ಕೆಗ್ ಮರಳಿ ಬಂದ ಮೇಲೆ. ಕಾಸರಗೋಡಿನ ಸೆಕೆಯಲ್ಲಿ ಸಕ್ಕರೆ ನೀರಿನ ಪಸೆ ಉಳಿದ ಕೆಗ್ ಒಂದು ರಾತ್ರಿ ಹಾಗೇ ಬಿದ್ದಿದ್ದರೆ ಸಾಕು, ಮರುದಿನ ಮುಚ್ಚಳ ತೆಗೆದಾಗ ಹುಳಿ ವಾಸನೆ ಮೂಗಿಗೆ ಹೊಡೆಯುತ್ತದೆ. ಹಾಗೆ ಕೂತ ಯೀಸ್ಟ್, ಬ್ಯಾಕ್ಟೀರಿಯಾ ಬರೀ ನೀರಿಗೆ ಬಿಟ್ಟು ಹೋಗುವುದಿಲ್ಲ. ಮುಂದಿನ ಸಲ ತುಂಬಿದ ಪಾನೀಯವನ್ನೂ ಅವು ಕೆಡಿಸುತ್ತವೆ.

ಕೆಗ್ ತೊಳೆಯಲು ಸ್ವಯಂಚಾಲಿತ ಯಂತ್ರಗಳಿವೆ. ಅವು ದಿನಕ್ಕೆ ನೂರಾರು ಕೆಗ್ ತಿರುಗಿಸುವ ಬಿಯರ್ ಕಾರ್ಖಾನೆಗಳಿಗೆ ತಕ್ಕವು. ಹತ್ತು ಇಪ್ಪತ್ತು ಕೆಗ್ ಇಟ್ಟುಕೊಂಡವರಿಗೆ ಆ ಖರ್ಚು ಬೇಡವೇ ಬೇಡ. ಒಂದು ಒಳ್ಳೆಯ ಪಂಪು, ಒಂದಿಷ್ಟು ಪೈಪು, ತಪ್ಪದ ಕ್ರಮ, ಇಷ್ಟಿದ್ದರೆ ದೊಡ್ಡ ಯಂತ್ರದಷ್ಟೇ ಚೊಕ್ಕವಾಗಿ ತೊಳೆಯಬಹುದು. ಪಂಪು ಮತ್ತು ಮೈಗಾವಲಿನ ಸಾಮಾನು, ಇವೆರಡರಲ್ಲಿ ಮಾತ್ರ ಚೌಕಾಸಿ ಮಾಡಬೇಡಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ವಿಧಾನವನ್ನು ಬೆಳೆಸಿದವರು ಸಣ್ಣ ಪ್ರಮಾಣದಲ್ಲಿ ಬಿಯರ್ ಮಾಡುವವರು. ಕೇರಳದಲ್ಲಿ ಅಬಕಾರಿ ಪರವಾನಗಿ ಇಲ್ಲದೆ ಬಿಯರ್ ಮಾಡುವುದು ಅಪರಾಧ, ಮನೆಬಳಕೆಗೆ ಎಂದರೂ ವಿನಾಯಿತಿ ಇಲ್ಲ. ನೀರಾ ಇಳಿಸುವುದಕ್ಕೂ ಅಬಕಾರಿ ಇಲಾಖೆಯ ಅನುಮತಿ ಬೇಕು. ಹಾಗಾಗಿ ನಮ್ಮಲ್ಲಿ ಕಾನೂನಿನ ತೊಡಕಿಲ್ಲದೆ ಮಾಡಬಹುದಾದ ತಂಪು ಪಾನೀಯಗಳನ್ನೇ ಮುಂದಿಟ್ಟುಕೊಂಡು ಬರೆದಿದ್ದೇನೆ. ಅವುಗಳ ಮಾರಾಟಕ್ಕೆ ಆಹಾರ ಸುರಕ್ಷತೆಯ ನೋಂದಣಿ ಹೇಗೂ ಬೇಕು. ಗಡಿಯಾಚೆ ಮಂಗಳೂರು ಕಡೆ ಪರವಾನಗಿ ಇರುವ ಸಣ್ಣ ಬ್ರೂವರಿಗಳಲ್ಲಿ ದುಡಿಯುವ ನಮ್ಮವರಿಗೂ ಇದೇ ವ್ಯವಸ್ಥೆ ಸಾಕಾಗುತ್ತದೆ. ಅವರಿಗೆ ಬೇಕಾದ ಹೆಚ್ಚುವರಿ ವಿಷಯಗಳು ಕೆಳಗೆ ಬೇರೆಯಾಗಿಯೇ ಇವೆ.

ಕೈಯಲ್ಲಿರುವುದು ಯಾವ ಕೆಗ್?

ಎರಡು ಜಾತಿ. ಒಂದು ಕಾರ್ನಿ ಕೆಗ್: ಮೇಲೆ ಮೊಟ್ಟೆಯಾಕಾರದ ದೊಡ್ಡ ಮುಚ್ಚಳ, ಅದರ ಆಚೀಚೆ ಎರಡು ಪೋಸ್ಟ್ (ಗ್ಯಾಸ್ ಒಳಗೆ ಹೋಗುವ, ಪಾನೀಯ ಹೊರಗೆ ಬರುವ ಮೂತಿಗಳು), ಸುಮಾರು 19 ಲೀಟರ್ ಹಿಡಿಯುತ್ತದೆ. ಇದು ಮೊದಲು ಬಂದದ್ದೇ ತಂಪು ಪಾನೀಯದ ಕಂಪನಿಗಳು ಸಿರಪ್ ಸಾಗಿಸುವುದಕ್ಕಾಗಿ. ಮುಚ್ಚಳ ತೆಗೆದು ಕೈ ಹಾಕಬಹುದು, ಟಾರ್ಚ್ ಹಾಕಿ ತಳ ನೋಡಬಹುದು. ಹೊಸದಾಗಿ ಶುರು ಮಾಡುವವರು ಇದನ್ನೇ ಕೊಳ್ಳಿ, ಎರಡನೇ ಯೋಚನೆ ಬೇಡ.

ಇನ್ನೊಂದು ಬಿಯರ್ ಕಾರ್ಖಾನೆಗಳ ಸ್ಯಾಂಕಿ ಕೆಗ್: 20, 30, 50 ಲೀಟರ್ ಅಳತೆಯವು. ಮೇಲೆ ಒಂದೇ ಬಾಯಿ, ಅದರೊಳಗೆ ತಳದ ತನಕ ಇಳಿದ ಕೊಳವೆ. ಈ ಕೊಳವೆಗೆ ಸ್ಪಿಯರ್ ಎನ್ನುತ್ತಾರೆ. ಸ್ಪಿಯರ್ ಬಿಚ್ಚದೆ ಒಳಗೆ ಏನಿದೆ ಎಂದು ನೋಡುವ ಹಾಗಿಲ್ಲ. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಎಂದು ಇದನ್ನು ತರಬೇಡಿ. ಕಂಪನಿಯ ಹೆಸರು ಅಚ್ಚೊತ್ತಿದ ಕೆಗ್ ಸಾಮಾನ್ಯವಾಗಿ ಆ ಕಂಪನಿಯದೇ ಸೊತ್ತು.

ಕಾರ್ನಿ ಕೆಗ್‌ನಲ್ಲಿ ಬಿಚ್ಚಿ ತೊಳೆಯಬೇಕಾದ ಭಾಗಗಳು ಇಷ್ಟೇ: ಮುಚ್ಚಳ, ಎರಡು ಪೋಸ್ಟ್, ಅವುಗಳೊಳಗೆ ಸ್ಪ್ರಿಂಗ್ ಇರುವ ಪುಟ್ಟ ಪೊಪೆಟ್ ವಾಲ್ವ್, ಒಂದು ಉದ್ದ ಡಿಪ್ ಟ್ಯೂಬ್, ಒಂದು ಗಿಡ್ಡ ಟ್ಯೂಬ್. ಮುಚ್ಚಳಕ್ಕೆ ಒಂದು, ಪೋಸ್ಟ್‌ಗಳಿಗೆ ಎರಡು, ಟ್ಯೂಬ್‌ಗಳಿಗೆ ಎರಡು, ಒಟ್ಟು ಐದು ಓ-ರಿಂಗ್, ಅಂದರೆ ಸೋರಿಕೆ ತಡೆಯುವ ರಬ್ಬರ್ ಬಳೆ. ಈ ಐದನ್ನು ಲೆಕ್ಕ ಮಾಡಿ ತೆಗೆದು ಲೆಕ್ಕ ಮಾಡಿ ಹಾಕಿ. ಟ್ಯೂಬಿನ ಸಣ್ಣ ಓ-ರಿಂಗ್ ನೀರಿನ ಜೊತೆ ಚರಂಡಿಗೆ ಹೋಗುವುದು ಗೊತ್ತೇ ಆಗುವುದಿಲ್ಲ, ಆಮೇಲೆ ಗ್ಯಾಸ್ ಸೋರುವಾಗ ಹುಡುಕಾಟ.

ಪಂಪು, ಪೈಪು, ಬಕೆಟ್ಟು

ಉಪಾಯ ಸರಳವಾದದ್ದು. ಕೆಗ್ಗನ್ನು ಬಕೆಟ್ಟಿನ ಮೇಲೆ ಬೋರಲು ನಿಲ್ಲಿಸುವುದು, ಕೆಳಗಿನಿಂದ ಒಂದು ಪೈಪನ್ನು ಅದರೊಳಗೆ ಏರಿಸಿ ತಳಕ್ಕೆ ನೀರು ಚಿಮ್ಮಿಸುವುದು. ಚಿಮ್ಮಿದ ನೀರು ಗೋಡೆಯುದ್ದಕ್ಕೂ ಇಳಿದು ಬಕೆಟ್ಟಿಗೇ ಬೀಳುತ್ತದೆ, ಪಂಪು ಅದನ್ನೇ ಮತ್ತೆ ಮೇಲೆ ಕಳಿಸುತ್ತದೆ. 19 ಲೀಟರಿನ ಕೆಗ್ಗನ್ನು ತುಂಬಿಸಿ ನೆನೆಸಿಡುವ ಬದಲು 8 ಲೀಟರ್ ದ್ರಾವಣದಲ್ಲಿ ಕೆಲಸ ಮುಗಿಯುತ್ತದೆ. ರಾಸಾಯನಿಕವೂ ಬಿಸಿನೀರೂ ಅರ್ಧಕ್ಕಿಂತ ಹೆಚ್ಚು ಉಳಿಯುವುದು ಹೀಗೆ.

ಪಂಪು ಆರಿಸುವಾಗ ಎರಡು ಅಂಕಿ ನೋಡಿ. ಕೂಲರಿಗೆ ಹಾಕುವ ಸಣ್ಣ ಪಂಪು ಎರಡು ಮೀಟರ್ ಎತ್ತರಕ್ಕೆ ನೀರು ಏರಿಸಿದರೆ ಹೆಚ್ಚು. ಪೈಪು ಹತ್ತಿಸುವುದರಲ್ಲೇ ಅದರ ಶಕ್ತಿ ಮುಗಿದು ತಳದಲ್ಲಿ ನೀರು ಬುಗ್ಗೆಯ ಹಾಗೆ ಉಕ್ಕುತ್ತದೆಯೇ ಹೊರತು ಚಿಮ್ಮುವುದಿಲ್ಲ. ಐದು ಮೀಟರ್ ಎತ್ತರದಲ್ಲಿ ನಿಮಿಷಕ್ಕೆ 20 ಲೀಟರ್ ಕೊಡುವ ಪಂಪು ಬೇಕು. ಎರಡನೆಯದು ತಾಪಮಾನ. ನೀರಿನಲ್ಲಿ ಮುಳುಗಿಸುವ ಅಗ್ಗದ ಪಂಪುಗಳು ಬಿಸಿನೀರಿಗಾಗಿ ಮಾಡಿದವಲ್ಲ. ಪಂಪಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಗರಿಷ್ಠ ತಾಪಮಾನ ಬರೆದಿರುತ್ತದೆ, ಅದನ್ನು ಮೀರಬೇಡಿ. ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಬಕೆಟ್ಟಿನ ಹೊರಗೆ ಕೂರುವ, ಪಾಲಿಪ್ರೊಪಿಲೀನ್ ತಲೆಯ ಮ್ಯಾಗ್ನೆಟಿಕ್ ಡ್ರೈವ್ ಪಂಪು ತೆಗೆದುಕೊಳ್ಳಿ. ಕಾಸ್ಟಿಕ್ ಸೋಡಾ ಎಂಬ ತೀಕ್ಷ್ಣ ಕ್ಷಾರಕ್ಕೂ ಆಮ್ಲಕ್ಕೂ ಅದು ಜಗ್ಗುವುದಿಲ್ಲ. ಇಡೀ ವ್ಯವಸ್ಥೆಯಲ್ಲಿ ದೊಡ್ಡ ಖರ್ಚೆಂದರೆ ಇದೊಂದೇ, ಉಳಿದದ್ದೆಲ್ಲ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವಂಥದ್ದು.

ತೋಟದ ಪಂಪನ್ನು ಇದಕ್ಕೆ ತರಬೇಡಿ. ನಮ್ಮ ಪ್ರತಿ ಅಡಿಕೆ ಬೆಳೆಗಾರನ ಕೊಟ್ಟಿಗೆಯಲ್ಲೂ ಕೊಳೆರೋಗಕ್ಕೆ ಮದ್ದು ಬಿಡುವ ಪಂಪು ಇದ್ದೇ ಇರುತ್ತದೆ, ಸುಮ್ಮನೆ ಬಿದ್ದಿದೆಯಲ್ಲ ಎಂಬ ಆಸೆ ಸಹಜ. ಮೈಲುತುತ್ತು ಕುಡಿದ ಹೋಸು, ವಾಷರು, ಸಿಲಿಂಡರುಗಳಿಂದ ತಾಮ್ರ ಬಿಡಿಸುವುದಕ್ಕೆ ಆಗುವುದಿಲ್ಲ. ಮೈಲುತುತ್ತು ಕದಡಿದ ಡ್ರಮ್ಮಿಗೂ, ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಆಸಿಡ್ ತುಂಬಿದ್ದ ಕ್ಯಾನಿಗೂ ಇದೇ ಮಾತು. ಕೆಗ್ಗಿನ ಸಾಮಾನು ಹೊಸದಾಗಿಯೇ ಬರಲಿ, ಕೆಗ್ಗಿಗೇ ಮೀಸಲಾಗಿರಲಿ.

ಪೈಪು ಅರ್ಧ ಇಂಚಿನದು ಸಾಕು. ಮನೆಯ ನೀರಿನ ಲೈನಿಗೆ ಹಾಕುವ ಬಿಳಿ ಅಥವಾ ಬೂದು ಪಿವಿಸಿ ಪೈಪು 60 ಡಿಗ್ರಿ ಹತ್ತಿರ ಬಂದರೆ ಮೆತ್ತಗಾಗಿ ವಾಲುತ್ತದೆ. ಬಿಸಿನೀರಿನ ಲೈನಿಗೆಂದೇ ಸಿಗುವ ಕೆನೆ ಬಣ್ಣದ ಸಿಪಿವಿಸಿ 90 ಡಿಗ್ರಿ ತನಕ ತಡೆಯುತ್ತದೆ. ವ್ಯತ್ಯಾಸ ಅಡಿಗೆ ಕೆಲವೇ ರೂಪಾಯಿ. ಕೆಗ್ಗಿನ ಬಾಯಿಯಿಂದ ಒಳತಳದ ತನಕ ಕೋಲು ಹಾಕಿ ಅಳೆದು, ಅದಕ್ಕಿಂತ ನಾಲ್ಕೈದು ಬೆರಳು ಗಿಡ್ಡವಾಗಿ ಪೈಪು ಕತ್ತರಿಸಿ. ತುದಿಗೆ ಎಂಡ್ ಕ್ಯಾಪ್ ಅಂಟಿಸಿ ಅದರಲ್ಲಿ ಎರಡೂವರೆ ಮಿಲಿಮೀಟರ್ ಬಿಟ್ಟಿನಿಂದ ಎಂಟು ತೂತು ಕೊರೆಯಿರಿ: ನಾಲ್ಕು ನೇರ ಮೇಲಕ್ಕೆ, ನಾಲ್ಕು ಪಕ್ಕಕ್ಕೆ ಓರೆಯಾಗಿ. ತೂತು ಹೆಚ್ಚಾದಷ್ಟೂ ಒತ್ತಡ ಇಳಿಯುತ್ತದೆ, ಎಂಟಕ್ಕೆ ನಿಲ್ಲಿಸಿ. ಕೊರೆದ ಮೇಲೆ ಒಳಗಿನ ಪ್ಲಾಸ್ಟಿಕ್ ಚೂರುಗಳನ್ನು ಚೂರಿಯ ಮೊನೆಯಿಂದ ಕೆರೆದು ತೆಗೆಯದಿದ್ದರೆ ಅವೇ ತೂತಿಗೆ ಸಿಕ್ಕಿಕೊಳ್ಳುತ್ತವೆ.

ಪೈಪಿನ ಬುಡದಲ್ಲಿ ಒಂದು ಟೀ (ಮೂರು ಬಾಯಿಯ ಪೈಪು ಜೋಡಣೆ) ಹಾಕಿ. ಟೀಯ ಪಕ್ಕದ ಬಾಯಿಯಿಂದ ಬಾಲ್ ವಾಲ್ವ್ ಮೂಲಕ ಎರಡು ತೆಳು ಹೋಸು ತೆಗೆದು ಅವುಗಳ ತುದಿಗೆ ಕೆಗ್ಗಿನ ಪೋಸ್ಟಿಗೆ ಕೂರುವ ಕನೆಕ್ಟರ್ ಸಿಕ್ಕಿಸಿ. ಒಂದು ಕಡೆ ಮಧ್ಯದ ಪೈಪು ಕೆಗ್ಗಿನ ಗೋಡೆ ತೊಳೆಯುತ್ತಿರುವಾಗ ಇನ್ನೊಂದು ಕಡೆ ಈ ಹೋಸುಗಳು ಪೋಸ್ಟ್ ಮತ್ತು ಡಿಪ್ ಟ್ಯೂಬಿನೊಳಗೆ ದ್ರಾವಣ ನೂಕುತ್ತವೆ. ಇದನ್ನು ಬಿಟ್ಟವರೇ ಹೆಚ್ಚು. ಹೊರಗಿನಿಂದ ಫಳಫಳ ಹೊಳೆಯುವ ಕೆಗ್‌ನಿಂದ ಮೊದಲ ಲೋಟ ಹುಳಿಯಾಗಿ ಬಂದರೆ ಕಾರಣ ಬಹುಪಾಲು ಆ ಬೆರಳು ಗಾತ್ರವೂ ಇಲ್ಲದ ಟ್ಯೂಬಿನೊಳಗೇ ಇರುತ್ತದೆ.

ಕೆಗ್ಗನ್ನು ಬೋರಲು ನಿಲ್ಲಿಸಲು ಮಧ್ಯ ಕತ್ತರಿಸಿದ ಗಟ್ಟಿ ಪ್ಲಾಸ್ಟಿಕ್ ಸ್ಟೂಲೋ ತರಕಾರಿ ಕ್ರೇಟೋ ಸಾಕು. ಅಲ್ಯೂಮಿನಿಯಂ ಚೌಕಟ್ಟು ಮಾತ್ರ ಬೇಡ. ಕಾಸ್ಟಿಕ್ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ, ತಿನ್ನುವಾಗ ಹೊತ್ತಿಕೊಳ್ಳುವ ಹೈಡ್ರೋಜನ್ ಬಿಡುತ್ತದೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಕಾಸ್ಟಿಕ್ ಕಲಸುವುದೂ ಅಷ್ಟೇ ಅಪಾಯ. ಪಂಪಿನ ವಿದ್ಯುತ್ ಲೈನಿಗೆ ಅರ್ತ್ ಇರಲಿ, ಶಾಕ್ ಹೊಡೆಯುವ ಮೊದಲೇ ವಿದ್ಯುತ್ ಕಡಿಯುವ 30 ಮಿಲಿ ಆಂಪಿಯರಿನ ಇಎಲ್‌ಸಿಬಿ ಇರಲೇಬೇಕು. ಒದ್ದೆ ನೆಲದಲ್ಲಿ ನಿಂತು ಮಾಡುವ ಕೆಲಸ ಇದು ಎಂಬುದು ನೆನಪಿರಲಿ.

ನಮ್ಮ ನೀರು

ಮುರಕಲ್ಲಿನ ನೆಲದ ಬಾವಿ ಮತ್ತು ಸುರಂಗದ ನೀರು ಸಾಮಾನ್ಯವಾಗಿ ಮೆದು. ತೊಳೆಯುವ ಕೆಲಸಕ್ಕೆ ಇದು ನಮ್ಮ ಪಾಲಿನ ಭಾಗ್ಯ. ಗಡಸು ನೀರಿನ ಊರುಗಳಲ್ಲಿ ಕೆಗ್ಗಿನ ಒಳಗೆ ಸುಣ್ಣದ ಪೊರೆ ಕಟ್ಟುವ ಹಾಗೆ ನಮ್ಮಲ್ಲಿ ಬೇಗ ಕಟ್ಟುವುದಿಲ್ಲ. ಆದರೆ ಕೆಲವು ಬೋರ್‌ವೆಲ್‌ಗಳಲ್ಲಿ ಕಬ್ಬಿಣ ಹೆಚ್ಚು. ಬಕೆಟ್ಟಿನಲ್ಲಿ ರಾತ್ರಿ ಹಿಡಿದಿಟ್ಟ ನೀರಿನ ತಳದಲ್ಲಿ ಬೆಳಿಗ್ಗೆ ಕೆಂಪು ಹುಡಿ ಕೂತಿದ್ದರೆ ಅದನ್ನು ತಿಳಿಗೊಳಿಸಿ, ಸೋಸಿಯೇ ಬಳಸಿ. ಮಂಜೇಶ್ವರದಿಂದ ಕೆಳಗೆ ಕಡಲಿಗೆ ಹತ್ತಿರದವರು ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾಗುತ್ತದೆಯೇ ನೋಡಿಕೊಳ್ಳಬೇಕು. ಸ್ಟೇನ್‌ಲೆಸ್ ಸ್ಟೀಲಿನ ದೊಡ್ಡ ಶತ್ರು ಕ್ಲೋರೈಡ್. ಉಪ್ಪು ನೀರು ಕೆಗ್ಗಿನೊಳಗೆ ಒಣಗಲು ಬಿಟ್ಟರೆ ಸೂಜಿಮೊನೆಯಂಥ ಗುಳಿ ಬೀಳುತ್ತದೆ, ಅಂಥ ಗುಳಿಯೊಳಗೆ ಕೂತ ಬ್ಯಾಕ್ಟೀರಿಯಾಕ್ಕೆ ಯಾವ ದ್ರಾವಣವೂ ತಲುಪುವುದಿಲ್ಲ.

ಬ್ಲೀಚಿಂಗ್ ಪೌಡರ್ ವಿಷಯವೂ ಇಲ್ಲೇ ಹೇಳಬೇಕು. ಮಳೆಗಾಲದಲ್ಲಿ ಬಾವಿಗೆ ಅದನ್ನು ಹಾಕಿ ರೂಢಿಯಾದ ನಮಗೆ ಕೆಗ್ಗಿಗೂ ಹಾಕಿದರೇನು ಎನಿಸುತ್ತದೆ. ಹಾಕಬಾರದು. ಸ್ಟೀಲನ್ನು ಕೆಡಿಸುವುದರಲ್ಲಿ ಅದು ಉಪ್ಪಿಗಿಂತ ಮುಂದೆ. ಆಮ್ಲದ ಜೊತೆ ಸೇರಿದರೆ ಉಸಿರು ಕಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ. ತೊಳೆಯುವ ಕೋಣೆಯಲ್ಲಿ ಬ್ಲೀಚಿಂಗ್ ಪೌಡರಿನ ಪ್ಯಾಕೆಟ್ ಇಡುವುದೇ ಬೇಡ.

ಏನು ಹಾಕಿ ತೊಳೆಯುವುದು

ಪಾನೀಯ ಘಟಕಕ್ಕೆ ನನ್ನ ಮೊದಲ ಆಯ್ಕೆ ವಾಷಿಂಗ್ ಸೋಡಾ ಮತ್ತು ಸೋಡಿಯಂ ಪರ್‌ಕಾರ್ಬೊನೇಟ್ ಜೋಡಿ. ಲೀಟರಿಗೆ ತಲಾ 10 ಗ್ರಾಂ, ನೀರು 50ರಿಂದ 60 ಡಿಗ್ರಿ. ಪರ್‌ಕಾರ್ಬೊನೇಟ್ ನೀರಿಗೆ ಬಿದ್ದೊಡನೆ ವಾಷಿಂಗ್ ಸೋಡಾ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಒಡೆಯುತ್ತದೆ. ಸಕ್ಕರೆಯ ಅಂಟು, ಶುಂಠಿಯ ನಾರು, ಪುನರ್ಪುಳಿಯ ಕಲೆ ಎಲ್ಲವನ್ನೂ ಇದು ಎಬ್ಬಿಸುತ್ತದೆ, ಕೈಗೆ ಕಾಸ್ಟಿಕ್ಕಿನಷ್ಟು ಕ್ರೂರವಲ್ಲ. ಎರಡು ಎಚ್ಚರಿಕೆ: ಕಲಸಿದ ದ್ರಾವಣದ ಶಕ್ತಿ ಅದೇ ದಿನ ಇಳಿದುಹೋಗುತ್ತದೆ, ನಾಳೆಗೆ ಇಡಬೇಡಿ. ಇದರಿಂದ ಆಮ್ಲಜನಕ ಏಳುತ್ತಲೇ ಇರುತ್ತದೆ, ಹಾಗಾಗಿ ನೆನೆಸಿಡುವ ಕೆಗ್ಗಿನ ಮುಚ್ಚಳ ಬಿಗಿದರೆ ಒಳಗೆ ಒತ್ತಡ ಕಟ್ಟುತ್ತದೆ.

ಬಿಯರ್ ತುಂಬಿದ ಕೆಗ್ಗಿಗೆ, ಅಥವಾ ಹಳೆಯ ಜಿಡ್ಡು ಕಟ್ಟಿದ ಕೆಗ್ಗಿಗೆ ಕಾಸ್ಟಿಕ್ ಸೋಡಾವೇ ಆಗಬೇಕು: ಲೀಟರಿಗೆ 20 ಗ್ರಾಂ, ಅಂದರೆ ಶೇಕಡಾ 2, ತಾಪಮಾನ 60ರಿಂದ 70. ಯಾವಾಗಲೂ ನೀರಿಗೆ ಕಾಸ್ಟಿಕ್ ಹಾಕಿ, ಸ್ವಲ್ಪಸ್ವಲ್ಪವಾಗಿ, ತಣ್ಣೀರಿಗೆ. ಕಾಸ್ಟಿಕ್ ಮೇಲೆ ನೀರು ಸುರಿದರೆ ಅದು ಕುದಿದು ಮುಖಕ್ಕೆ ಎರಚುತ್ತದೆ. ಕಣ್ಣಿಗೆ ಪೂರ್ತಿ ಮುಚ್ಚುವ ಕನ್ನಡಕ, ಮೊಣಕೈ ತನಕದ ರಬ್ಬರ್ ಗ್ಲೌಸು, ಗಂಬೂಟು, ಪ್ಯಾಂಟು ಬೂಟಿನ ಹೊರಗೆ. ಪ್ಯಾಂಟು ಒಳಗೆ ಹಾಕಿದರೆ ಚೆಲ್ಲಿದ ಕಾಸ್ಟಿಕ್ ಬೂಟಿನೊಳಗೇ ಇಳಿದು ನಿಲ್ಲುತ್ತದೆ. ಕಣ್ಣಿಗೆ ಹಾರಿದರೆ ಹರಿಯುವ ನೀರಿನಲ್ಲಿ ಕನಿಷ್ಠ ಕಾಲು ಗಂಟೆ ತೊಳೆದು ಆಸ್ಪತ್ರೆಗೆ ಓಡಬೇಕು. ನಲ್ಲಿ ಕೈಗೆಟಕುವಷ್ಟು ಹತ್ತಿರ ಇಲ್ಲದ ಜಾಗದಲ್ಲಿ ಕಾಸ್ಟಿಕ್ ಕೆಲಸ ಮಾಡಲೇಬೇಡಿ.

ಕಾಸ್ಟಿಕ್ ಬಳಸುವವರು ತಿಳಿದಿರಬೇಕಾದ ಇನ್ನೊಂದು ಗುಟ್ಟು ಉಂಟು. ಖಾಲಿ ಕೆಗ್ ನಿಜವಾಗಿ ಖಾಲಿಯಲ್ಲ, ಅದರ ತುಂಬ ಕಾರ್ಬನ್ ಡೈಆಕ್ಸೈಡ್ ಇರುತ್ತದೆ. ಈ ಅನಿಲ ಕಾಸ್ಟಿಕ್ಕನ್ನು ತಿಂದು ವಾಷಿಂಗ್ ಸೋಡಾ ಮಾಡಿಬಿಡುತ್ತದೆ. ಒತ್ತಡ ಬಿಟ್ಟ ಮೇಲೂ 19 ಲೀಟರಿನ ಕೆಗ್ಗಿನಲ್ಲಿ ಸುಮಾರು 34 ಗ್ರಾಂ ಅನಿಲ ಉಳಿದಿರುತ್ತದೆ. ಅಷ್ಟು ಅನಿಲಕ್ಕೆ 60 ಗ್ರಾಂಗಿಂತ ಹೆಚ್ಚು ಕಾಸ್ಟಿಕ್ ಖರ್ಚು. 8 ಲೀಟರಿನಲ್ಲಿ ನೀವು ಹಾಕಿದ್ದೇ 160 ಗ್ರಾಂ. ಮೊದಲ ಕೆಗ್ಗಿನಲ್ಲೇ ಮೂರನೇ ಒಂದು ಪಾಲಿಗಿಂತ ಹೆಚ್ಚು ಹಾಳಾಯಿತು. 50 ಲೀಟರಿನ ಕೆಗ್ಗಾದರೆ 160 ಗ್ರಾಂ ಅಷ್ಟೂ ಹೋಯಿತು. ಇಷ್ಟೇ ಅಲ್ಲ, ಮುಚ್ಚಿದ ಪಾತ್ರೆಯೊಳಗಿನ ಅನಿಲ ಹೀಗೆ ಮಾಯವಾದಾಗ ಒಳಗೆ ನಿರ್ವಾತ ಉಂಟಾಗುತ್ತದೆ. ತೆಳು ಗೋಡೆಯ ದೊಡ್ಡ ಟ್ಯಾಂಕುಗಳು ಹೀಗೆಯೇ ಒಳಕ್ಕೆ ಕುಸಿಯುವುದು. ಪರಿಹಾರ ಸುಲಭ: ಕಾಸ್ಟಿಕ್ ಹಾಕುವ ಮೊದಲು ಕೆಗ್ಗನ್ನು ಬಾಯಿ ತನಕ ನೀರು ತುಂಬಿಸಿ ಬಗ್ಗಿಸಿ. ನೀರಿನ ಜೊತೆ ಅನಿಲವೂ ಹೊರಗೆ ಹೋಗಿ ಗಾಳಿ ಬರುತ್ತದೆ.

ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ. ಪಂಪಿನಲ್ಲಿ ಬರೀ ನೊರೆ ತಿರುಗುತ್ತದೆ, ಉಳಿದ ಪಸೆ ಪಾನೀಯದ ನೊರೆಯನ್ನು ಕೊಲ್ಲುತ್ತದೆ. ಕಬ್ಬಿಣದ ನಾರಿನಿಂದ ಉಜ್ಜುವುದೂ ಬೇಡ, ಅದರ ಚೂರು ಸ್ಟೀಲಿಗೆ ಕೂತು ತುಕ್ಕಾಗುತ್ತದೆ.

ತೊಳೆಯುವ ಕ್ರಮ

ಬಿಸಿನೀರಿಗೆ ವಿದ್ಯುತ್ ಹೀಟರೇ ಆಗಬೇಕೆಂದಿಲ್ಲ. ಬಚ್ಚಲಿನ ಹಂಡೆಗೆ ಅಡಿಕೆ ಸಿಪ್ಪೆಯ ಬೆಂಕಿ ಹಾಕಿದರೆ ಹತ್ತು ಕೆಗ್ಗಿಗೆ ಸಾಕಾಗುವಷ್ಟು ನೀರು ಕಾಯುತ್ತದೆ. ಹಂಡೆಯಲ್ಲಿ ಬರೀ ನೀರು ಕಾಯಿಸಿ, ರಾಸಾಯನಿಕ ಕಲಸುವುದು ಬಕೆಟ್ಟಿನಲ್ಲಿ. ಕಾಸ್ಟಿಕ್ಕನ್ನು ಒಂದೆರಡು ಲೀಟರ್ ತಣ್ಣೀರಿನಲ್ಲಿ ಪೂರ್ತಿ ಕರಗಿಸಿಕೊಂಡು, ಬಕೆಟ್ಟಿನ ಬಿಸಿನೀರಿಗೆ ಆ ದ್ರಾವಣವನ್ನು ನಿಧಾನಕ್ಕೆ ಸೇರಿಸಿ. ಅಡುಗೆಮನೆಯ ಥರ್ಮಾಮೀಟರ್ ಒಂದು ಜೊತೆಗಿರಲಿ, ಕೈ ಅದ್ದಿ ಅಂದಾಜು ಮಾಡಬೇಡಿ.

1. ಕೆಗ್ ಬಂದ ದಿನವೇ ಮುಚ್ಚಳದ ವಾಲ್ವ್ ಎಳೆದು ಒತ್ತಡ ಪೂರ್ತಿ ಬಿಡಿ. ಸುಯ್ ಎನ್ನುವ ಸದ್ದು ನಿಂತ ಮೇಲೆ ಮತ್ತೊಮ್ಮೆ ಎಳೆಯಿರಿ. ಆಮೇಲೆಯೇ ಮುಚ್ಚಳಕ್ಕೆ ಕೈ. ಕಿಟಕಿ ಬಾಗಿಲು ತೆರೆದಿರಲಿ, ಈ ಅನಿಲ ಗಾಳಿಗಿಂತ ಭಾರ, ಮುಚ್ಚಿದ ಕೋಣೆಯ ನೆಲದಲ್ಲಿ ತುಂಬಿ ನಿಲ್ಲುತ್ತದೆ.

2. ಉಳಿದದ್ದನ್ನು ಸುರಿದು ತಣ್ಣೀರಿನಲ್ಲಿ ಎರಡು ಸಲ ಕಲಕಿ ಚೆಲ್ಲಿ. ಮೂರನೇ ಸಲ ಬಾಯಿ ತನಕ ತುಂಬಿಸಿ ಬಗ್ಗಿಸಿ. ಪುನರ್ಪುಳಿ ತುಂಬಿದ್ದ ಕೆಗ್ಗಾದರೆ ನೀರು ಬಣ್ಣವಿಲ್ಲದೆ ಬರುವ ತನಕ ಈ ಕೆಲಸ. ಇಲ್ಲಿ ಕಳೆದ ಐದು ನಿಮಿಷ ಮುಂದೆ ಅರ್ಧ ಗಂಟೆ ಉಳಿಸುತ್ತದೆ. ಕೆಗ್ಗಿನ ಕೊಳೆಯಲ್ಲಿ ಬಹುಪಾಲು ಹೋಗುವುದು ಈ ತಣ್ಣೀರಿನಲ್ಲೇ.

3. ಪೋಸ್ಟ್ ಬಿಚ್ಚಿ, ಪೊಪೆಟ್, ಓ-ರಿಂಗ್, ಮುಚ್ಚಳ ಎಲ್ಲವನ್ನೂ ಒಂದು ಬೋಗುಣಿಯಲ್ಲಿ ಅದೇ ದ್ರಾವಣದಲ್ಲಿ ನೆನೆಹಾಕಿ. ಉದ್ದ ಟ್ಯೂಬಿನೊಳಗೆ ತೆಳು ಬ್ರಷ್ ಆಡಿಸಿ. ಪ್ರತಿ ಸಲ ಬಿಚ್ಚಲಾಗದಿದ್ದರೆ ಮೂರು ನಾಲ್ಕು ತುಂಬಿಗೊಮ್ಮೆಯಾದರೂ ಬಿಚ್ಚಿ, ಉಳಿದ ಸಲ ಟೀಯ ಹೋಸುಗಳಿಂದ ತೊಳೆಯಿರಿ.

4. ಕೆಗ್ಗನ್ನು ಬೋರಲು ಹಾಕಿ ಬಿಸಿ ದ್ರಾವಣ 15 ನಿಮಿಷ ತಿರುಗಿಸಿ. ನೀರು ಏರುವ ವೇಗಕ್ಕಿಂತ ಇಳಿಯುವ ವೇಗ ಹೆಚ್ಚಿರಬೇಕು. ಕೆಗ್ಗಿನೊಳಗೆ ನೀರು ನಿಂತರೆ ಪೈಪಿನ ತುದಿ ಮುಳುಗಿ ಚಿಮ್ಮುವುದು ನಿಲ್ಲುತ್ತದೆ. ಕಾರ್ನಿ ಕೆಗ್ಗಿನ ಬಾಯಿ ಅಗಲವಿರುವುದರಿಂದ ಈ ತೊಂದರೆ ಕಡಿಮೆ.

5. ದ್ರಾವಣ ಬಸಿದು, ಬೇರೆ ಬಕೆಟ್ಟಿನಲ್ಲಿ ಬಿಸಿನೀರಿಟ್ಟು ಪಂಪಿನಿಂದಲೇ ತೊಳೆಯಿರಿ. ಒಮ್ಮೆ ತಿರುಗಿಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಇನ್ನೊಮ್ಮೆ. ಈ ಹಂತದ ಪರೀಕ್ಷೆ ಕೆಳಗೆ ಹೇಳಿದ್ದೇನೆ.

6. ತಿಂಗಳಿಗೊಮ್ಮೆ, ಅಥವಾ ಒಳಗೋಡೆ ಮಂಕಾಗಿ ಕಂಡಾಗ, ಸಿಟ್ರಿಕ್ ಆಮ್ಲ ಲೀಟರಿಗೆ 20 ಗ್ರಾಂ ಹಾಕಿ ಉಗುರು ಬೆಚ್ಚಗಿಂತ ಬಿಸಿಯಾದ ನೀರಿನಲ್ಲಿ 15 ನಿಮಿಷ. ಖನಿಜದ ಪೊರೆಯನ್ನು ಕ್ಷಾರ ತೆಗೆಯುವುದಿಲ್ಲ, ಅದಕ್ಕೆ ಆಮ್ಲವೇ ಬೇಕು. ಬಿಯರ್‌ನವರಿಗೆ ಇದನ್ನು ಬಿಡುವಂತಿಲ್ಲ, ಕ್ಯಾಲ್ಸಿಯಂ ಆಕ್ಸಲೇಟಿನ ಬೀರ್‌ಸ್ಟೋನ್ ಅವರ ಕೆಗ್ಗಿನಲ್ಲಿ ಖಂಡಿತ ಕಟ್ಟುತ್ತದೆ.

7. ಜೋಡಿಸಿದ ಮೇಲೆ ಕೊನೆಯದಾಗಿ ಸೋಂಕು ನಿವಾರಣೆ. ಶೇಕಡಾ 5ರ ಪೆರಾಸಿಟಿಕ್ ಆಮ್ಲ ಸಿಕ್ಕರೆ ಲೀಟರಿಗೆ 3 ಮಿಲಿಲೀಟರ್, ಅದು 150 ಪಿಪಿಎಂ ಆಗುತ್ತದೆ. ಮೂಗಿಗೆ ಖಾರ ಹತ್ತುವ ವಸ್ತು, ಹೊರಗಡೆ ಅಥವಾ ಗಾಳಿಯಾಡುವಲ್ಲಿ ಕಲಸಿ. ಇದು ಸಿಗದಿದ್ದರೆ 85 ಡಿಗ್ರಿಯ ನೀರನ್ನು ಬಾಯಿ ತನಕ ತುಂಬಿ 20 ನಿಮಿಷ ಬಿಡಿ. ನಡುವೆ ನೀರು 80ಕ್ಕಿಂತ ಕೆಳಗೆ ಇಳಿಯಬಾರದು, ತಣ್ಣಗಿನ ಸ್ಟೀಲು ಮೊದಲೇ ಸ್ವಲ್ಪ ಬಿಸಿ ಎಳೆದುಕೊಳ್ಳುತ್ತದೆ. ಈ ದಾರಿ ಹಿಡಿದವರು ಕೆಗ್ ಪೂರ್ತಿ ತಣಿಯುವ ತನಕ ಮುಚ್ಚಳ ಬಿಗಿಯಬೇಡಿ.

8. ಸೋಂಕು ನಿವಾರಕವನ್ನು ಉದ್ದ ಟ್ಯೂಬಿನ ಮೂಲಕವೇ ಗ್ಯಾಸಿನಿಂದ ಹೊರಗೆ ನೂಕಿ. ಟ್ಯೂಬೂ ಶುದ್ಧ, ಒಳಗಿನ ಗಾಳಿಯೂ ಹೋಯಿತು. ಆಮೇಲೆ 10ರಿಂದ 12 ಪಿಎಸ್‌ಐ ಕಾರ್ಬನ್ ಡೈಆಕ್ಸೈಡ್ ಒತ್ತಡ ಕೊಟ್ಟು ಮುಚ್ಚಿಡಿ.

ಕ್ಷಾರ ಪೂರ್ತಿ ಹೋಯಿತೇ?

ಸ್ಟೀಲಿಗೆ ಅಂಟಿದ ಕಾಸ್ಟಿಕ್ ಕಣ್ಣಿಗೆ ಕಾಣುವುದಿಲ್ಲ, ವಾಸನೆಯೂ ಇಲ್ಲ. ಪಿಎಚ್ ಪೇಪರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಅಡುಗೆಮನೆಯ ಅರಸಿನ ಸಾಕು. ಅರಸಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುವುದನ್ನು ಆರತಿಗೆ ಕುರ್ದಿ ನೀರು ಮಾಡುವ ಎಲ್ಲರೂ ನೋಡಿದ್ದೇವೆ. ಸುಣ್ಣದ ಕ್ಷಾರಗುಣಕ್ಕೆ ಬಣ್ಣ ಬದಲಿಸುವ ಅರಸಿನ ಕಾಸ್ಟಿಕ್ಕಿಗೂ ವಾಷಿಂಗ್ ಸೋಡಾಕ್ಕೂ ಹಾಗೆಯೇ ಬದಲಿಸುತ್ತದೆ. ಬಿಳಿ ಕಾಗದದ ಪಟ್ಟಿಗಳಿಗೆ ತೆಳ್ಳಗೆ ಅರಸಿನ ನೀರು ಸವರಿ ಒಣಗಿಸಿ ಡಬ್ಬಿಯಲ್ಲಿಡಿ. ಮೊದಲು ಒಂದು ಪಟ್ಟಿಯನ್ನು ಬಾವಿಯ ನೀರಿಗೆ ಅದ್ದಿ, ಹಳದಿಯಾಗಿಯೇ ಉಳಿಯುತ್ತದೆ. ಇನ್ನೊಂದನ್ನು ಕೆಗ್ಗಿನಿಂದ ಬಸಿದ ಕೊನೆಯ ನೀರಿಗೆ ಅದ್ದಿ. ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಇನ್ನೊಮ್ಮೆ ತೊಳೆಯಬೇಕು. ಎರಡು ಪಟ್ಟಿಗಳೂ ಪಕ್ಕಪಕ್ಕ ಇಟ್ಟಾಗ ಒಂದೇ ಹಳದಿ ಕಂಡರೆ ಮುಂದಿನ ಹಂತಕ್ಕೆ ಹೋಗಿ. ನೀರನ್ನು ಹಿಡಿಯುವುದು ಉದ್ದ ಟ್ಯೂಬಿನ ಕಡೆಯಿಂದ ಇರಲಿ, ಕ್ಷಾರ ಕೊನೆಗೆ ಬಿಟ್ಟುಹೋಗುವ ಜಾಗ ಅದೇ.

ಪುನರ್ಪುಳಿಯ ಕೆಗ್ಗಿಗೆ ಅದರ ಬಣ್ಣವೇ ಇನ್ನೊಂದು ಸಾಕ್ಷಿ. ಹುಳಿಯಲ್ಲಿ ಕೆಂಪಾಗಿರುವ ಆ ಬಣ್ಣ ಕ್ಷಾರ ತಾಗಿದೊಡನೆ ನೀಲಿ, ಹಸಿರು ಛಾಯೆಗೆ ತಿರುಗುತ್ತದೆ. ತೊಳೆಯುವ ದ್ರಾವಣ ಸುರುವಿನಲ್ಲೇ ಕಡು ಹಸಿರಾದರೆ ಎರಡನೇ ಹಂತದ ತಣ್ಣೀರು ಸಾಲಲಿಲ್ಲ ಎಂದರ್ಥ.

ಸ್ಯಾಂಕಿ ಕೆಗ್ ಇರುವವರಿಗೆ

ಇಲ್ಲಿ ಪೈಪು ಒಳಗೆ ಹೋಗುವುದಿಲ್ಲ, ಎಲ್ಲವೂ ಕಪ್ಲರ್, ಅಂದರೆ ಕೆಗ್ಗಿನ ಬಾಯಿಗೆ ಕೂರಿಸುವ ಜೋಡಣೆಯ ಮೂಲಕ. ಕೆಗ್ಗಿಗೆ ಹೊಂದುವ ಒಂದು ಹೆಚ್ಚುವರಿ ಕಪ್ಲರ್ ಕೊಂಡು, ಅದರೊಳಗೆ ಹಿಮ್ಮುಖ ಹರಿವು ತಡೆಯುವ ರಬ್ಬರ್ ವಾಲ್ವನ್ನೂ ಪುಟ್ಟ ಗುಂಡನ್ನೂ ತೆಗೆದುಬಿಡಿ. ಇದು ತೊಳೆಯುವುದಕ್ಕೆ ಮಾತ್ರ, ಮಾರಾಟದ ನಲ್ಲಿಗೆ ಮತ್ತೆ ಹಾಕಬಾರದು. ಕೆಗ್ ಬೋರಲು ಇಟ್ಟು, ಪಂಪಿನ ಹೋಸನ್ನು ಬಿಯರ್ ಬರುವ ಬಾಯಿಗೆ ಕೊಡಿ. ದ್ರಾವಣ ಸ್ಪಿಯರಿನುದ್ದಕ್ಕೂ ಏರಿ ಈಗ ಮೇಲಾಗಿರುವ ತಳಕ್ಕೆ ಬಡಿದು ಗೋಡೆಗುಂಟ ಇಳಿದು ಗ್ಯಾಸಿನ ಬಾಯಿಯಿಂದ ಹೊರಬರುತ್ತದೆ. ಎರಡು ನಿಮಿಷ ಜೋರಾಗಿ, ಎರಡು ನಿಮಿಷ ವಾಲ್ವ್ ಅರ್ಧ ಮುಚ್ಚಿ ನಿಧಾನಕ್ಕೆ, ಹೀಗೆ ಬದಲಿಸುತ್ತಿರಿ. ಜೋರಿನಲ್ಲಿ ಗೋಡೆ ತೊಳೆಯುತ್ತದೆ. ನಿಧಾನದಲ್ಲಿ ದ್ರಾವಣ ಸ್ಪಿಯರಿನ ಹೊರಮೈಗೇ ಅಂಟಿಕೊಂಡು ಇಳಿದು ಅದನ್ನೂ ತೊಳೆಯುತ್ತದೆ. ಹಂತಹಂತದ ನಡುವೆ ಉಳಿದ ದ್ರಾವಣ ಹೊರಹಾಕಲು ಎಣ್ಣೆಯಿಲ್ಲದ ಕಂಪ್ರೆಸರಿನ ಗಾಳಿ ಬೇಕು.

ಸ್ಪಿಯರ್ ಬಿಚ್ಚುವ ವಿಷಯದಲ್ಲಿ ಧೈರ್ಯ ಬೇಡ. ಒಳಗೆ ಸ್ವಲ್ಪವೇ ಒತ್ತಡ ಉಳಿದಿದ್ದರೂ ಬಿಚ್ಚಿದ ಸ್ಪಿಯರ್ ಗುಂಡಿನ ಹಾಗೆ ಮೇಲಕ್ಕೆ ಹಾರುತ್ತದೆ. ಇದರಿಂದ ಜೀವ ಹೋದವರಿದ್ದಾರೆ. ಬಿಚ್ಚಲೇಬೇಕಾದರೆ ಕಪ್ಲರ್ ಹಾಕಿ ಒತ್ತಡ ಪೂರ್ತಿ ಇಳಿಸಿ, ಅದಕ್ಕೆಂದೇ ಇರುವ ಸಲಕರಣೆಯಿಂದ, ತಿಳಿದವರ ಕೈಯಲ್ಲಿ.

ರಬ್ಬರು, ಮಳೆಗಾಲ, ಕೊಳೆನೀರು

ನನ್ನಾರಿಯ ಪರಿಮಳ ಸ್ಟೀಲಿಗೆ ಹತ್ತುವುದಿಲ್ಲ, ರಬ್ಬರಿಗೆ ಹತ್ತುತ್ತದೆ. ಎಷ್ಟು ತೊಳೆದರೂ ಮುಂದಿನ ಶುಂಠಿ ಪಾನಕದಲ್ಲಿ ಅದರ ಎಳೆ ಕಾಣಿಸುತ್ತದೆ. ನನ್ನಾರಿ ಮತ್ತು ಜೀರಿಗೆಗೆ ಕೆಗ್ ಬೇರೆ ಇಡಿ, ಕೊರಳಿಗೆ ಬಣ್ಣದ ಟೇಪು ಸುತ್ತಿ. ಬದಲಿಸಲೇಬೇಕಾದರೆ ಐದೂ ಓ-ರಿಂಗ್ ಹೊಸದು ಹಾಕಿ, ಅದೇನು ದೊಡ್ಡ ಖರ್ಚಲ್ಲ. ಕೊಳ್ಳುವಾಗ ಇಪಿಡಿಎಂ ರಬ್ಬರ್ ಎಂದು ಕೇಳಿ ಪಡೆಯಿರಿ, ಬಿಸಿ ಕ್ಷಾರಕ್ಕೆ ಅದು ಚೆನ್ನಾಗಿ ತಾಳಿಕೊಳ್ಳುತ್ತದೆ. ಜೋಡಿಸುವಾಗ ಆಹಾರ ದರ್ಜೆಯ ಸಿಲಿಕೋನ್ ಗ್ರೀಸ್ ಒಂದು ಸವರು ಸಾಕು.

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ನಮ್ಮದು. ತೊಳೆದ ಕೆಗ್ಗನ್ನು ಒಣಗಲಿ ಎಂದು ಬಾಯಿ ತೆರೆದಿಟ್ಟರೆ ಆಟಿ ತಿಂಗಳಲ್ಲಿ ಅದು ಒಣಗುವುದಿಲ್ಲ, ಬೂಸಲು ಹಿಡಿಯುತ್ತದೆ. ಗ್ಯಾಸಿನ ಒತ್ತಡದಲ್ಲಿ ಮುಚ್ಚಿಟ್ಟರೆ ಎರಡು ಲಾಭ. ಬೂಸಲಿಗೆ ಬೇಕಾದ ಗಾಳಿ ಒಳಗಿರುವುದಿಲ್ಲ. ತುಂಬಿಸುವ ದಿನ ವಾಲ್ವ್ ಎಳೆದಾಗ ಸುಯ್ ಎಂದರೆ ಸೋರಿಕೆ ಇಲ್ಲವೆಂದೂ ಗೊತ್ತಾಯಿತು. ಸದ್ದೇ ಬರದ ಕೆಗ್ಗನ್ನು ತುಂಬಿಸದೆ ಬದಿಗಿಡಿ. ಮುಚ್ಚಳ, ಪೋಸ್ಟ್‌ಗಳ ಸುತ್ತ ಸಾಬೂನು ನೀರು ಹಚ್ಚಿ ಗುಳ್ಳೆ ಎಲ್ಲಿ ಬರುತ್ತದೆ ನೋಡಿ, ಆ ಓ-ರಿಂಗ್ ಬದಲಿಸಿ, ಮತ್ತೆ ಸೋಂಕು ನಿವಾರಣೆಯಿಂದ ಶುರು ಮಾಡಿ.

ಬಳಸಿದ ಕಾಸ್ಟಿಕ್ಕನ್ನು ತೋಡಿಗೆ ಬಿಡಬೇಡಿ. ಮುರಕಲ್ಲಿನ ನೆಲ ಜಾಳು ಜಾಳು, ಅಂಗಳದಲ್ಲಿ ಸುರಿದದ್ದು ನಿಮ್ಮದೇ ಬಾವಿಗೋ ಕೆಳಗಿನ ಮನೆಯವರ ಸುರಂಗಕ್ಕೋ ಇಳಿಯುತ್ತದೆ. ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ತಣ್ಣಗಾದ ಹಳೆ ಕ್ಷಾರ ಕೂಡಿಡಿ, ಸಿಟ್ರಿಕ್ ಆಮ್ಲದಿಂದ ತೊಳೆದ ದಿನ ಆ ಆಮ್ಲದ ನೀರನ್ನು ಅದಕ್ಕೆ ನಿಧಾನವಾಗಿ ಸೇರಿಸಿ ಕೋಲಿನಿಂದ ಕಲಕಿ. ಅರಸಿನದ ಪಟ್ಟಿ ಹಳದಿಯಾಗಿ ಉಳಿಯುವ ತನಕ ಹೀಗೆ ಮಾಡಿ, ಸಾಲದಿದ್ದರೆ ಇನ್ನಷ್ಟು ಸಿಟ್ರಿಕ್ ಆಮ್ಲ ಕರಗಿಸಿ ಹಾಕಿ. ಹಳದಿ ಕಂಡೊಡನೆ ನಿಲ್ಲಿಸಿ, ಆಮ್ಲ ಹೆಚ್ಚಾದರೆ ಈ ಪಟ್ಟಿ ಅದನ್ನು ತೋರಿಸುವುದಿಲ್ಲ. ಹೀಗೆ ತಟಸ್ಥವಾದ ನೀರಿನಲ್ಲೂ ಸೋಡಿಯಂ ಉಳಿದಿರುವುದರಿಂದ ಅಡಿಕೆಯ ಬುಡಕ್ಕೆ ಹಾಯಿಸದೆ, ಬಾವಿಯಿಂದ ದೂರ ತೋಡಿದ ಇಂಗುಗುಂಡಿಗೆ ಬೇಕಷ್ಟು ನೀರು ಬೆರೆಸಿ ಬಿಡಿ. ಸೋಂಕು ನಿವಾರಕದ ನೀರನ್ನು ಈ ಡ್ರಮ್ಮಿಗೆ ಸೇರಿಸಬೇಡಿ, ಅದನ್ನು ಬೇರೆಯಾಗಿಯೇ ನೀರು ಬೆರೆಸಿ ಚೆಲ್ಲಿ.

ಕೆಗ್‌ಗಳ ಸಂಖ್ಯೆ ಇಪ್ಪತ್ತು ದಾಟಿದಾಗ ಎರಡನೇ ಪಂಪು ಮತ್ತು ಎರಡನೇ ಬಕೆಟ್ಟು ಸೇರಿಸಿ. ಒಂದರಲ್ಲಿ ಕ್ಷಾರ, ಇನ್ನೊಂದರಲ್ಲಿ ತೊಳೆಯುವ ನೀರು. ಒಂದು ಕೆಗ್ ಕ್ಷಾರದಲ್ಲಿರುವಾಗ ಅದರ ಹಿಂದಿನದು ನೀರಿನ ಮೇಲಿರುತ್ತದೆ, ಮುಚ್ಚಳ ಮತ್ತು ಪೋಸ್ಟ್ ಜೋಡಿಸಲು ಕೈಗೂ ಬಿಡುವು ಸಿಗುತ್ತದೆ. ಯಂತ್ರದ ಕೊಟೇಶನ್ ತರಿಸುವ ಮೊದಲು ಒಂದು ಮದುವೆ ಸೀಸನ್ನು ಹೀಗೆ ನಡೆಸಿ ನೋಡಿ.